ಹುಳದ ಮನೆಯ ಮಕ್ಕಳು

ಬೈರಾಪಟ್ಟಣದಲ್ಲಿ ದೊಡ್ಡಹನುಮಯ್ಯನ ಮನೆಗೆ ದಾರಿ ಕೇಳಿದರೆ ಜನ ಮನೆಯ ಗುರುತು ಹೇಳುತ್ತಿರಲಿಲ್ಲ. ಅದರ ಹಿತ್ತಲಲ್ಲಿದ್ದ ಹುಳದ ಮನೆಯ ಗುರುತು ಹೇಳುತ್ತಿದ್ದರು. ರೇಷ್ಮೆ ಹುಳು ಸಾಕಲೆಂದೇ ಕಟ್ಟಿದ ಆ ಮನೆ ವಾಸದ ಮನೆಗಿಂತ ಎತ್ತರವಾಗಿತ್ತು, ಉದ್ದವಾಗಿತ್ತು, ಚೊಕ್ಕಟವಾಗಿಯೂ ಇತ್ತು. ಮೇಲೆ ಹೆಂಚು, ಹೆಂಚಿಗೆ ಆಸರೆಯಾಗಿ ಹೊನ್ನೆಯ ತೊಲೆಗಳು, ಎರಡು ಕಡೆಯೂ ಎದುರುಬದುರಾದ ಕಿಟಕಿಗಳು, ಕಿಟಕಿಗಳಿಗೆ ನೊಣ ನುಸುಳದಂತೆ ಹಸಿರು ಬಲೆ. ಮನೆಯವರು ಮಲಗುವ ಕೋಣೆಗಿಲ್ಲದ ಗಾಳಿ ಬೆಳಕು ಹುಳುಗಳ ಪಾಲಿಗೆ ಬಂದಿದೆಯೆಂದು ನೆಂಟರಿಷ್ಟರು ಹಾಸ್ಯ ಮಾಡುವುದಿತ್ತು. ಆ ಹಾಸ್ಯಕ್ಕೆ ನಾಗಲಕ್ಷ್ಮಮ್ಮ ಬೇಸರಿಸುತ್ತಿರಲಿಲ್ಲ. ಅದನ್ನು ಕಟ್ಟಿಸಿದವಳೇ ಅವಳು. ಒಂದು ಬೆಳೆಯ ಗೂಡು ಮಾರಿದಾಗ ಪಾಯ, ಇನ್ನೊಂದು ಬೆಳೆಗೆ ಗೋಡೆ, ಮತ್ತೊಂದಕ್ಕೆ ಹೆಂಚು. ಹೀಗೆ ಗಂಡ ರಾಮನಗರದ ಗೂಡಿನ ಮಾರುಕಟ್ಟೆಯಿಂದ ತಂದುದನ್ನು ಸೆರಗಿಗೆ ಕಟ್ಟಿಕೊಂಡು, ಒಡವೆಯ ಆಸೆಯನ್ನು ಬದಿಗೊತ್ತಿ, ಆ ಮನೆಯನ್ನು ಎಬ್ಬಿಸಿ ನಿಲ್ಲಿಸಿದ್ದಳು.

ಹುಳು ಮೇಯುವ ಕಾಲದಲ್ಲಿ ಆ ಸಂಸಾರದ ದಿನಚರಿಯೇ ಬೇರೆ. ಒಗ್ಗರಣೆಯ ಘಾಟು ಹುಳುಗಳಿಗೆ ಆಗದೆಂದು ಬೆಳೆ ಮುಗಿಯುವವರೆಗೂ ಮುದ್ದೆಗೆ ಉಪ್ಸಾರೇ ಗತಿ. ಬಂದ ನೆಂಟರು ಕಾಲು ತೊಳೆದರೆ ಸಾಲದು, ಮುಡಿದ ಮಲ್ಲಿಗೆಯನ್ನೂ ತೆಗೆದು ಜಗಲಿಯ ಮೇಲಿಟ್ಟು ಒಳಗೆ ಬರಬೇಕು. ಹುಳುಗಳು ಪೊರೆ ಬಿಡಲು ತಲೆಯೆತ್ತಿ ಅಲ್ಲಾಡದೆ ಕೂತಾಗ, ಆ ಸೀಮೆಯಲ್ಲಿ ಅದನ್ನು ಜ್ವರವೆನ್ನುತ್ತಾರೆ, ಮನೆಯ ಮಕ್ಕಳು ಸಹ ದನಿ ತಗ್ಗಿಸುತ್ತಿದ್ದರು. ಹುಳು ಹಣ್ಣಾಗಿ ಮೈ ಹಳದಿಗೆ ತಿರುಗಿದ ದಿನವಂತೂ ಬೀದಿಯವರೆಲ್ಲ ಕರೆಯದೆಯೇ ಬಂದು, ಹಣ್ಣು ಹುಳು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗಳ ಸುತ್ತಿನೊಳಗೆ ಬಿಟ್ಟು, ಅವಲಕ್ಕಿ ತಿಂದು, ತಮ್ಮ ತಮ್ಮ ಸುದ್ದಿ ಹೇಳಿ ಹೋಗುತ್ತಿದ್ದರು. ಮಗ ಅನಂತರಾಜು ಹುಟ್ಟಿದ್ದೂ ಅಂಥದೇ ಒಂದು ದಿನ. ಹುಳು ಆರಿಸಲು ಬಂದಿದ್ದ ಸೂಲಗಿತ್ತಿ ಕೈ ತೊಳೆದುಕೊಂಡು ಹೆರಿಗೆಯನ್ನೂ ಮುಗಿಸಿ, ಮತ್ತೆ ಹುಳು ಆರಿಸಲು ಕೂತಿದ್ದಳಂತೆ.

ಅದೆಲ್ಲ ಹಿಂದಿನ ಮಾತು. ಮೈಸೂರು ರಸ್ತೆ ಜೋಡಿ ರಸ್ತೆಯಾಗಿ, ಬಿಡದಿಯ ಕಡೆ ಒಂದರ ಬೆನ್ನಿಗೊಂದು ಕಾರ್ಖಾನೆ ಎದ್ದ ಮೇಲೆ, ಸೊಪ್ಪು ಕೊಯ್ಯುವ ಕೈಗಳೆಲ್ಲ ಬೆಳಗಾಗುತ್ತಲೇ ಕಂಪನಿಯ ವ್ಯಾನು ಹತ್ತಿ ಹೋಗತೊಡಗಿದವು. ಅನಂತರಾಜುವೂ ನೀಲಿ ಅಂಗಿ ತೊಟ್ಟು ಪಾಳಿ ಕೆಲಸಕ್ಕೆ ಸೇರಿದ. ಇಷ್ಟಾದರೂ ನಾಗಲಕ್ಷ್ಮಮ್ಮ ಹುಳು ಬಿಟ್ಟಿರಲಿಲ್ಲ. ಹಿಂದಿನ ವರ್ಷ, ಹೊಸ ಬೆಳೆಗೆ ಮನೆ ಶುದ್ಧಿ ಮಾಡಲೆಂದು ಫಾರ್ಮಲಿನ್ ಎರಚುತ್ತಿದ್ದಾಗ ಉಸಿರು ಕಟ್ಟಿ ನೆಲಕ್ಕೆ ಕುಸಿದಳು. ಚನ್ನಪಟ್ಟಣದ ಡಾಕ್ಟರು, ಎದೆ ಸೋತಿದೆ, ಇನ್ನು ಆ ಔಷಧಿಯ ಆವಿಯೂ ಕೂಡದು, ಹುಳದ ತಟ್ಟೆಗೆ ಉದುರಿಸುವ ಸುಣ್ಣದ ದೂಳೂ ಕೂಡದು ಎಂದು ಖಂಡಿತವಾಗಿ ಹೇಳಿದರು. ಆಕೆ ತಲೆಯಾಡಿಸಿ ಬಂದಳು. ಬಂದವಳು ಒಂದಷ್ಟು ದಿನ ಮಲಗಿದ್ದು, ಎದ್ದ ಮೊದಲ ದಿನವೇ ಹುಳದ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟಳು. ದೊಡ್ಡಹನುಮಯ್ಯ ಅದನ್ನು ಜಗಲಿಯಿಂದಲೇ ನೋಡಿದ. ಹೆಂಡತಿಯ ಎದುರು ಮಾತು ಬೆಳೆಸುವುದು ಅವನಿಗೆ ಯೌವನದಲ್ಲೇ ಒಗ್ಗಿರಲಿಲ್ಲ.

ಸೊಸೆ ಸೌಮ್ಯ ಮಾಗಡಿಯವಳು, ಬಸ್ ಕಂಡಕ್ಟರರೊಬ್ಬರ ಮಗಳು. ಶಿಶುವಿಹಾರದ ತರಬೇತಿ ಪಡೆದು, ಪೇಟೆಯ ಒಂದು ಕಾನ್ವೆಂಟಿನಲ್ಲಿ ಪಾಠ ಹೇಳುತ್ತಿದ್ದಳು. ಮೂರು ವರ್ಷದ ಕೂಸುಗಳ ಕೈಯಲ್ಲಿ ಪೆನ್ಸಿಲು ಹಿಡಿಸಿ ಗಂಟೆಗಟ್ಟಲೆ ಗೀಚಿಸುವುದನ್ನು ಕಂಡು ಮನಸ್ಸು ಕೆಟ್ಟು ಕೆಲಸ ಬಿಟ್ಟು ಬಂದಿದ್ದಳು. ಶಿವರಾತ್ರಿ ಕಳೆದ ಹೊಸದರಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅವಳು ಮುದ್ದೆ ಬಡಿಸುತ್ತ ಮೆಲ್ಲಗೆ ಮಾತು ತೆಗೆದಳು.

"ಅತ್ತೆ, ಹುಳದ ಮನೆ ಸುಮ್ನೆ ಬಿದ್ದೈತಲ್ಲ."

"ಸುಮ್ನೆ ಯಾಕ್ ಬಿದ್ದೈತೆ? ಒಸಿ ಸುಧಾರಿಸ್ಕೊತಾ ಐತೆ," ಎಂದಳು ನಾಗಲಕ್ಷ್ಮಮ್ಮ.

ಸೌಮ್ಯ ತನ್ನ ಯೋಚನೆಯನ್ನು ಬಿಡಿಸಿ ಹೇಳಿದಳು. ಕಾರ್ಖಾನೆಯ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದ ಗಂಡಹೆಂಡಿರು ಊರ ತುಂಬ ಬಾಡಿಗೆಗೆ ಇದ್ದಾರೆ. ಅವರ ಮಕ್ಕಳು ಮನೆ ಮಾಲೀಕರ ಬಾಗಿಲಲ್ಲಿ ಬಿಸ್ಕತ್ತು ಹಿಡಿದು ಕೂತಿರುತ್ತವೆ. ಅಂಥವಕ್ಕೆ ಒಂದು ಪುಟ್ಟ ಶಾಲೆ ನಡೆಸಬೇಕು. ಬರೆಯುವುದಿಲ್ಲ, ಬಾಯಿಪಾಠವಿಲ್ಲ. ಮರಳು, ನೀರು, ಮರದ ಬೊಂಬೆ, ಹಾಡು, ಕತೆ, ಊಟ, ನಿದ್ದೆ, ಇಷ್ಟೇ. ಆಟವಾಡುತ್ತಲೇ ಮಕ್ಕಳು ಕಲಿಯುತ್ತವೆ.

"ಅಂದ್ರೆ ಆಟ ಆಡ್ಸಕ್ಕೆ ದುಡ್ಡು ಇಸ್ಕೊತೀಯ?" ಎಂದು ಅತ್ತೆ ಕೇಳಿದಳು.

"ಹೂಂ ಅತ್ತೆ."

"ನಮ್ಮ ಕಾಲ್ದಲ್ಲಿ ಆಟ ಬಿಡ್ಸಕ್ಕೆ ಮೇಷ್ಟ್ರಿಗೆ ದುಡ್ಡು ಕೊಡ್ತಿದ್ರು ಕಣಮ್ಮ," ಎಂದು ದೊಡ್ಡಹನುಮಯ್ಯ ನಕ್ಕ.

ನಗೆಯ ನಂತರ ಜಗ್ಗಾಟ ನಡೆಯಿತು. ಅನಂತರಾಜು ಹೆಂಡತಿಯ ಪರವಾಗಿ ಎರಡು ಮಾತಾಡಿ, ತಾಯಿಯ ಮುಖ ನೋಡಿ ಮೂರನೆಯದನ್ನು ನುಂಗಿಕೊಂಡ. ಕಡೆಗೆ ಒಪ್ಪಂದವಾದದ್ದು ಹೀಗೆ: ಮನೆಯ ಮುಂದಿನ ಅರ್ಧ ಶಾಲೆಗೆ, ಹಿಂದಿನ ಅರ್ಧ ಹುಳುವಿಗೆ, ನಡುವೆ ಬಿದಿರಿನ ತಟ್ಟಿ. ಗೌರಿಹಬ್ಬ ಕಳೆದ ಮೇಲೆ ನಾಗಲಕ್ಷ್ಮಮ್ಮ ಒಂದು ಬೆಳೆ ಮೇಯಿಸಿಯೇ ತೀರುವಳು. ಫಾರ್ಮಲಿನ್ ಮುಟ್ಟುವುದಿಲ್ಲ, ಬಿಸಿನೀರು, ಬ್ಲೀಚಿಂಗ್ ಪುಡಿಯಲ್ಲೇ ಶುದ್ಧಿ ಮಾಡಿಕೊಳ್ಳುವೆನೆಂದು ಅವಳು ಹೇಳಿದಾಗ ದೊಡ್ಡಹನುಮಯ್ಯ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಬೆರಳಿನಿಂದ ಆಚೀಚೆ ತಳ್ಳುತ್ತ ಕೂತಿದ್ದ.

ಯುಗಾದಿಯ ನಂತರ ಮನೆ ಖಾಲಿಯಾಯಿತು. ಸೌಮ್ಯ ಮಗಳು ನವ್ಯಶ್ರೀಯನ್ನು ಕರೆದುಕೊಂಡು ಮಾಗಡಿಗೆ ಹೋದಳು. ನಾಗಲಕ್ಷ್ಮಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಸಾತನೂರಿಗೆ ಹೊರಟಳು. ಹೋದವಳು ಅಲ್ಲಿಯೇ ಬೇಸಿಗೆ ಕಳೆದು, ಮುಂಗಾರಿನ ಮೊದಲ ಹನಿ ಬಿದ್ದ ಮೇಲೆ ಹಿಂತಿರುಗಿದಾಗ ಹುಳದ ಮನೆ ಒಳಗೂ ಹೊರಗೂ ಸುಣ್ಣ ಬಳಿಸಿಕೊಂಡು ಬೆಳ್ಳಗೆ ನಿಂತಿತ್ತು. ಗಂಡ ಸೊಸೆ ಸೇರಿ ಮಾಡಿಸಿದ್ದಾರೆಂದು ಕೇಳಿ ಅವಳಿಗೆ ಸಂತೋಷವೇ ಆಯಿತು. ಶಾಲೆ ಜೂನ್ ಮೊದಲಿಗೆ ತೆರೆಯಬೇಕಾಗಿದ್ದುದು ಒಂದು ತಿಂಗಳು ತಡವಾದದ್ದೇಕೆಂದು ಅವಳು ಕೇಳಿದಳು. ಸುಣ್ಣ ಒಣಗಲಿಲ್ಲ ಎಂದಳು ಸೊಸೆ.

ಆಮೇಲೆ ಬಂದ ದಿನಗಳನ್ನು ಆ ಬೀದಿಯವರು ಈಗಲೂ ನೆನೆಯುತ್ತಾರೆ. ಬೋರ್ಡಿನ ಮೇಲೆ ಸೌಮ್ಯ ಬರೆಸಿದ್ದು ಬೇರೆ ಹೆಸರು. ಜನರ ಬಾಯಲ್ಲಿ ಅದು ಹುಳದ ಮನೆ ಸ್ಕೂಲೆಂದೇ ನಿಂತಿತು. ಬೆಳಿಗ್ಗೆ ಪಾಳಿಗೆ ಹೋಗುವ ತಾಯಂದಿರು, ಊಟದ ಡಬ್ಬಿ ಒಂದು ಕೈಯಲ್ಲಿ, ಕೂಸು ಇನ್ನೊಂದು ಕೈಯಲ್ಲಿ, ಓಡೋಡಿ ಬಂದು ಬಿಟ್ಟು ಹೋಗುವರು. ಚನ್ನಪಟ್ಟಣದ ಬೊಂಬೆ ಮಾಡುವ ಶುಕೂರ್ ಸಾಹೇಬರು, ಬಣ್ಣ ಒಂಚೂರು ಅತ್ತಿತ್ತ ಹಿಡಿದು ಅಂಗಡಿಯವರು ಬೇಡವೆಂದ ಬುಗುರಿ, ಮಣಿ, ಗಿಲಕಿಗಳನ್ನು ಚೀಲ ತುಂಬ ತಂದು ಸುರಿದರು. ಅವರ ಮೊಮ್ಮಗಳು ಜಾರಾ ಆ ರಾಶಿಯ ಮೇಲೆಯೇ ಕೂತು ಯಾರಿಗೂ ಮುಟ್ಟಗೊಡಲಿಲ್ಲ. ನೀರಿನ ತೊಟ್ಟಿಯ ಬಳಿ ದೊಡ್ಡಹನುಮಯ್ಯ ಕುಕ್ಕುರುಗಾಲಿನಲ್ಲಿ ಕೂತು ಅಡಿಕೆ ಹಾಳೆಯ ದೋಣಿ ತೇಲಿಸುತ್ತಿದ್ದ. ತನ್ನ ಮಗನಿಗೆ ಒಂದು ದಿನವೂ ಬುಗುರಿ ಬಿಡುವುದನ್ನು ಹೇಳಿಕೊಡದಿದ್ದ ಮನುಷ್ಯ ಆರೆಂಟು ಮಕ್ಕಳನ್ನು ಸುತ್ತ ಕೂರಿಸಿಕೊಂಡು ದಾರ ಸುತ್ತುವ ಬಗೆಯನ್ನು ತಾಳ್ಮೆಯಿಂದ ತೋರಿಸುತ್ತಿದ್ದ. ಪಾಳಿ ಮುಗಿಸಿ ಬಂದ ಅನಂತರಾಜು ಅದನ್ನು ನೋಡಿ, "ಅಪ್ಪ, ನಾನೂ ಇಲ್ಲೇ ಅಡ್ಮಿಶನ್ ತಗೊತೀನಿ," ಎಂದು ಅಣಕಿಸಿದ.

ನಾಗಲಕ್ಷ್ಮಮ್ಮ ತಟ್ಟಿಯ ಆಚೆಯಿಂದಲೇ ಕಾವಲು ಕಾಯುತ್ತಿದ್ದಳು. ತನ್ನ ಚಂದ್ರಿಕೆಯೊಂದನ್ನು ನೆಲಕ್ಕೆ ಹಾಸಿ, ಅದರ ಸುತ್ತಿನೊಳಗೆ ಮಕ್ಕಳು ಮರದ ಮಣಿ ಉರುಳಿಸುತ್ತಿದ್ದುದನ್ನು ಕಂಡ ದಿನ ದೊಡ್ಡ ರಂಪ ಮಾಡಿದಳು. ಚಂದ್ರಿಕೆ ಆಟದ ಸಾಮಾನಲ್ಲವೆಂದು ಬೈದು ಎತ್ತಿಕೊಂಡು ಹೋದವಳು, ಮಕ್ಕಳು ಅಳುವುದನ್ನು ಕೇಳಲಾರದೆ, ಒಂದು ಕಡ್ಡಿ ಮುರಿದಿದ್ದ ಹಳೆಯದನ್ನು ತಂದು ಎಸೆದು ಹೋದಳು. ಕೆಲವು ತಂದೆತಾಯಿಗಳು ಎ ಬಿ ಸಿ ಡಿ ಯಾವಾಗ ಶುರು ಎಂದು ಸೌಮ್ಯಳನ್ನು ಕೇಳಲು ಬಂದಾಗ, ತಟ್ಟಿಯ ಆಚೆಯಿಂದಲೇ, "ಹುಳಾನೂ ಚಾಕಿಲಿ ಮರಿಯಾಗಿರೋವಾಗ ಗೂಡು ಕಟ್ಟು ಅಂದ್ರೆ ಕಟ್ತದಾ? ಬಲೀಲಿ ಬುಡ್ರಪ್ಪ," ಎಂದು ಅವರ ಬಾಯಿ ಮುಚ್ಚಿಸಿದವಳೂ ಅವಳೇ. ಆದರೆ ಸೊಸೆ ಬಂದು ಧನ್ಯವಾದ ಹೇಳಿದರೆ, "ಗೌರಿಹಬ್ಬ ಆದ್ಮೇಲೆ ಗಲಾಟೆ ಕಮ್ಮಿ ಮಾಡ್ಸು. ಹುಳ ಬತ್ತವೆ," ಎಂದು ಮುಖ ತಿರುಗಿಸುವಳು.

ಗೌರಿಹಬ್ಬ ಬಂತು, ಕಳೆಯಿತು. ನಾಗಲಕ್ಷ್ಮಮ್ಮ ಎರಡು ಜ್ವರ ದಾಟಿದ ಹುಳುಗಳನ್ನು, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತರಿಸಿದಳು. ತೋಟದ ಹಿಪ್ಪುನೇರಳೆ ಎಲೆ ಎಳೆಯದಾಗಿ, ಕೈಗೆ ಮೆತ್ತಗೆ ಸಿಗುತ್ತಿತ್ತು. ಹಿಂದಿನ ಅರ್ಧದಲ್ಲಿ ಅಟ್ಟಣೆ ಕಟ್ಟಿ, ತಟ್ಟೆಗಳನ್ನು ಜೋಡಿಸಿ, ಮೊದಲ ಸೊಪ್ಪು ಹಾಕಿದ ಸಂಜೆ ಅವಳು ಹಣೆಗೆ ಕುಂಕುಮ ಇಟ್ಟುಕೊಂಡು ಹೊಸ ಮದುವಣಗಿತ್ತಿಯಂತೆ ಓಡಾಡಿದಳು. ಮೊಮ್ಮಗಳು ನವ್ಯಶ್ರೀ, "ಅಜ್ಜಿ, ಹುಳ ನಮ್ ಸ್ಕೂಲಿಗೆ ಸೇರ್ಕೊಂಡ್ವಾ?" ಎಂದದ್ದಕ್ಕೆ, "ನಿಮ್ ಸ್ಕೂಲೇ ಅವುಗಳ ಮನೇಲಿರೋದು," ಎಂದಳು.

ಮರುದಿನ ಬೆಳಿಗ್ಗೆ ತಟ್ಟೆಯ ಮೇಲಿನ ಬಟ್ಟೆ ಸರಿಸಿದಾಗ ಸೊಪ್ಪು ಹಾಕಿದಂತೆಯೇ ಇತ್ತು. ಹುಳುಗಳು ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ರಸ ಸುರಿಯುತ್ತಿತ್ತು. ಕೆಲವು ಆಗಲೇ ಮೈ ಮುದುರಿಕೊಂಡು ಮೋಟಾಗಿದ್ದವು. ನಾಗಲಕ್ಷ್ಮಮ್ಮ ಒಂದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. ಹಾಲುತೊಂಡೆ ರೋಗವನ್ನು ಕಂಡಿದ್ದಳು, ಸುಣ್ಣಕಟ್ಟನ್ನು ಕಂಡಿದ್ದಳು, ಅವು ಹೀಗಿರುವುದಿಲ್ಲ. ಇದು ರೋಗವಲ್ಲ, ವಿಷ. ಸೊಪ್ಪಿನ ತಪ್ಪೂ ಅಲ್ಲ. ಅದೇ ತೋಟದ ಸೊಪ್ಪನ್ನು ಕೊಂಡು ಹೋಗಿದ್ದ ಪಕ್ಕದ ಬೀದಿಯ ಗಂಗಹನುಮಯ್ಯನ ಹುಳುಗಳು ಸೊಗಸಾಗಿ ಮೇಯುತ್ತಿದ್ದವು. ಸಂಜೆಯ ಹೊತ್ತಿಗೆ ಅವಳ ತಟ್ಟೆಗಳಲ್ಲಿ ಒಂದು ಹುಳುವೂ ಉಳಿಯಲಿಲ್ಲ. ದೊಡ್ಡಹನುಮಯ್ಯ ಗುಂಡಿ ತೋಡಿ ಸುಣ್ಣ ಹಾಕಿ ಎಲ್ಲವನ್ನೂ ಮುಚ್ಚಿದ.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು.

"ಸೊಳ್ಳೆ ಬತ್ತಿ ಹಚ್ಚಿದ್ಯಾ?"

"ಇಲ್ಲ ಅತ್ತೆ."

"ಮತ್ತೇನ್ ಹೊಡೆದೆ?"

ಸೌಮ್ಯ ಒಂದು ಗಳಿಗೆ ಮಾವನ ಕಡೆ ನೋಡಿದಳು. ಅವನು ನೀರು ಕುಡಿಯಲು ಚೆಂಬೆತ್ತಿದವನು ಇಳಿಸಲೇ ಇಲ್ಲ. "ನೆಲ ಒರೆಸಕ್ಕೆ ಫಿನಾಯಿಲ್ ಹಾಕ್ತಿದ್ದೆ," ಎಂದಳು ಸೊಸೆ.

ಅಷ್ಟೇ ಸಾಕಾಯಿತು. ಹುಳು ಬರುವ ಮನೆಗೆ ಫಿನಾಯಿಲ್ ಹಾಕುವ ಬುದ್ಧಿಯನ್ನು ಯಾರು ಕಲಿಸಿದರು, ಬಸ್ ಸ್ಟ್ಯಾಂಡಿನಲ್ಲಿ ಬೆಳೆದವರಿಗೆ ಬೇಸಾಯದ ಮನೆಯ ಕಷ್ಟಸುಖ ಹೇಗೆ ತಿಳಿದೀತು ಎಂದು ಶುರುವಾದದ್ದು ಸೌಮ್ಯಳ ತವರಿನ ಮೇಲೆಲ್ಲ ಹರಿದು, ಕಡೆಗೆ ಒಂದು ಮಾತಿಗೆ ಬಂದು ನಿಂತಿತು. "ಈ ಮನೆ ನಾನು ಕಟ್ಟಿದ್ದು. ದೀಪಾವಳಿ ಅಷ್ಟರಲ್ಲಿ ನಿನ್ನ ಸ್ಕೂಲು ಖಾಲಿಯಾಗ್ಬೇಕು."

ಸೌಮ್ಯ ಎದುರಾಡಲಿಲ್ಲ. ಅದು ನಾಗಲಕ್ಷ್ಮಮ್ಮನನ್ನು ಇನ್ನಷ್ಟು ಕೆರಳಿಸಿತು.

ಮರುದಿನದಿಂದ ಒಂದೇ ಮನೆಯಲ್ಲಿ ಎರಡು ಒಲೆ ಉರಿದವು. ನಾಗಲಕ್ಷ್ಮಮ್ಮ ಹಿತ್ತಲಿನ ನೀರೊಲೆಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ ತನ್ನ ಪಾಲಿನ ಮುದ್ದೆ ತಾನೇ ತಿರುವಿಕೊಂಡಳು. ದೊಡ್ಡಹನುಮಯ್ಯ ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಉಂಡು, ಎರಡೂ ಕಡೆ ಅರೆಹೊಟ್ಟೆಯಲ್ಲಿ ಎದ್ದ. ಅತ್ತೆಸೊಸೆಯರ ನಡುವೆ ನವ್ಯಶ್ರೀ ಅಂಚೆಯವಳಾದಳು. "ಅಜ್ಜಿ, ಅಮ್ಮ ಕೇಳ್ತು, ಹಸುಗೆ ಬೂಸಾ ಹಾಕ್ಬೇಕಾ ಅಂತ." "ಹೇಳು ನಿಮ್ಮಮ್ಮಂಗೆ, ಹಸೂಗೂ ಫಿನಾಯಿಲ್ ಕುಡಿಸ್ಬುಡು ಅಂತ." ಮಗು ಎರಡನೆಯ ಮಾತನ್ನು ಹಾಗೆಯೇ ಹೊತ್ತು ಹೋಗಿ ಒಪ್ಪಿಸುವುದು. ಮಗ ತಾಯಿಯ ಬಳಿ ಬಂದು ಕೂತು, "ಅವ್ವ, ಇಪ್ಪತ್ತು ಮಕ್ಕಳವೆ. ಎಲ್ಲಿಗೆ ಹೋಯ್ತವೆ?" ಎಂದ.

"ನನ್ನ ಹುಳ ಎಲ್ಲಿಗೆ ಹೋದ್ವು ಅಂತ ಯಾವನಾದ್ರೂ ಕೇಳಿದ್ನೇನ್ಲಾ?" ಎಂದಳು ಅವಳು.

ಅನಂತರಾಜು ಕಡೆಗೆ ಹೆದ್ದಾರಿಯ ಬದಿಯಲ್ಲಿ, ಟೈರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಗೊತ್ತು ಮಾಡಿದ. ಅಂಗಳವಿಲ್ಲ, ನೆರಳಿಲ್ಲ, ಮೆಟ್ಟಿಲಿಳಿದರೆ ಲಾರಿ. ಅದನ್ನು ನೋಡಿ ಬಂದ ಶುಕೂರ್ ಸಾಹೇಬರು, ಮೊಮ್ಮಗಳನ್ನು ಅಲ್ಲಿಗೆ ಕಳಿಸಲಾರೆನೆಂದು ನಾಗಲಕ್ಷ್ಮಮ್ಮನಿಗೆ ಕೇಳಿಸುವಂತೆಯೇ ಹೇಳಿ ಹೋದರು. ಆಯುಧಪೂಜೆ ಮುಗಿದ ಮೇಲೆ ಸೌಮ್ಯ ಸಾಮಾನು ಕಟ್ಟತೊಡಗಿದಳು. ಮಣಿಗಳು ಒಂದು ಚೀಲಕ್ಕೆ, ಬುಗುರಿ ಇನ್ನೊಂದಕ್ಕೆ. ದಿನದಿನಕ್ಕೆ ಆಟದ ಸಾಮಾನು ಕಡಿಮೆಯಾಗುತ್ತಿದ್ದುದನ್ನು ಮಕ್ಕಳು ಗಮನಿಸಲಿಲ್ಲ, ಇದ್ದುದರಲ್ಲೇ ಆಡಿದವು.

ದೀಪಾವಳಿ ಹತ್ತಿರವಾಗಿತ್ತು. ಓಣಿಯಾಚೆಯ ಮಾಯಮ್ಮ, ಟೊಮೊಟೊ ಬೆಳೆಯುವವಳು, ಹಾಲಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು ನಾಗಲಕ್ಷ್ಮಮ್ಮನ ಮೂರು ಕಲ್ಲಿನ ಒಲೆಯ ಎದುರು ಕೂತಳು. ಬೆಲೆಯ ಮಾತು, ಮಗಳ ಮಾತು ಎಲ್ಲ ಆದ ಮೇಲೆ ಏಳುತ್ತ ಹೇಳಿದಳು:

"ಅಕ್ಕ, ಅಣ್ಣಂಗೆ ಒಸಿ ಗ್ಯಾಪಿಸು. ಯುಗಾದಿ ಆದ್ಮೇಲೆ ಔಷಧಿ ಹೊಡಿಯೋ ಮಿಸಿನ್ ಇಸ್ಕೊಂಡೋಗಿದ್ರಲ್ಲ, ಅದ್ರ ಪಟ್ಟಿ ಕಿತ್ತೋಗೈತೆ. ಹೊಸದು ಹಾಕಿಸ್ಕೊಡ್ತೀನಿ ಅಂದೋರು ಮರೆತೇಬುಟ್ರು."

"ಹೇಳ್ತೀನಿ ಬುಡು," ಎಂದಳು ನಾಗಲಕ್ಷ್ಮಮ್ಮ.

ಮಾಯಮ್ಮ ಹೋದ ಮೇಲೂ ಅವಳು ಸೌಟು ಹಿಡಿದು ಹಾಗೆಯೇ ಕೂತಿದ್ದಳು. ಟೊಮೊಟೊ ಬೆಳೆಯುವವರ ಮನೆಯಲ್ಲಿ ಔಷಧಿ ಹೊಡೆಯುವ ಯಂತ್ರ ಇರುತ್ತದೆ. ಹುಳು ಸಾಕುವವರು ಅದನ್ನು ಹೊಸಿಲು ದಾಟಿಸುವುದಿಲ್ಲ. ಅದನ್ನು ಹೊತ್ತವನು ಪಕ್ಕದಲ್ಲಿ ಹಾದರೂ ತೋಟದ ಸೊಪ್ಪನ್ನು ಒಂದು ದಿನ ಕೊಯ್ಯುವುದಿಲ್ಲ. ಆ ಮನೆಗೆ ಬಂದ ದಿನದಿಂದ ಅದನ್ನು ಅವಳು ಗಂಡನ ಬೆನ್ನ ಮೇಲೆ ಕಂಡದ್ದಿಲ್ಲ. ಫಿನಾಯಿಲಿಗೆ ಹುಳು ಹಾಗೆ ತಲೆ ತೂಗಿ ಸಾಯುವುದಿಲ್ಲವೆಂಬುದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ, ಕೋಪಕ್ಕೆ ಕೂರಲು ಒಂದು ಜಾಗ ಸಿಕ್ಕಿತೆಂದು ಅದನ್ನು ಸೊಸೆಯ ಮೇಲೆಯೇ ಕೂರಿಸಿದ್ದಳು.

ಮಧ್ಯಾಹ್ನ ಅವಳು ಅಡುಗೆಮನೆಗೆ ಹೋಗಿ, ಎಷ್ಟೋ ದಿನಗಳ ಮೇಲೆ, ಗಂಡನಿಗೆ ತಾನೇ ಬಡಿಸಿದಳು. ಹುರುಳಿಕಾಳಿನ ಬಸ್ಸಾರು, ಮುದ್ದೆ. ಅವನು ಅಚ್ಚರಿಯಿಂದ ತಲೆಯೆತ್ತಿ ನೋಡಿ ಮೊದಲ ತುತ್ತು ಮುರಿದ.

"ಮಾಯಮ್ಮನ ಮಿಸಿನ್ ಪಟ್ಟಿ ಹಾಕಿಸ್ಕೊಡ್ಬೇಕಂತೆ," ಎಂದಳು.

ತುತ್ತು ತಟ್ಟೆಗೇ ಮರಳಿತು. ಅವನು, "ತೊಲೆಗೆ ಗೆದ್ದಲು ಹಿಡಿದಿತ್ತು," ಎಂದ.

"ಹೊನ್ನೆ ಮರಕ್ಕೆ ಗೆದ್ದಲಾ?"

ದೊಡ್ಡಹನುಮಯ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಒಂದಕ್ಕೇ ಅವನ ಬಂಡವಾಳ ಮುಗಿದಿತ್ತು. "ಬೇಡ ಅಂದ್ರೆ ಕೇಳ್ತಿದ್ದಾ ನೀನು? ಯಾವತ್ತು ಕೇಳಿದ್ದಾ?" ಎಂದ. "ಅವತ್ತು ನೀನು ನೆಲಕ್ಕೆ ಬಿದ್ದಾಗ ನಿನ್ನ ತುಟಿ ನೇರಳೆಹಣ್ಣಾಗಿತ್ತು ಕಣಮ್ಮಿ. ಅದನ್ನ ನೋಡ್ದೋನು ನಾನು. ನೀನು ನೋಡ್ಕೊಳ್ಲಿಲ್ಲ."

"ಅದಕ್ಕೆ ನನ್ನ ಮನೆಗೆ ವಿಷ ಹಾಕ್ಬುಟ್ರಾ?"

"ಹಾಕ್ದೆ. ಮನೆ ಕೆಟ್ಟದೆ ಅಂತ ಗೊತ್ತಾದ್ರೆ ನೀನೇ ಬಿಡ್ತೀಯ ಅನ್ಕೊಂಡೆ. ಹೇಳೋಕೆ ಬಾಯಿ ಬರ್ಲಿಲ್ಲ."

"ಆ ಹೆಣ್ಣುಮಗಳು ದಿನಾ ಬೈಸ್ಕೊತಿದ್ರೆ ಗೂಡು ಕಟ್ಟಿದ ಹುಳದಂಗೆ ಒಳಗೆ ಕೂತಿದ್ರಲ್ಲ. ಅದಕ್ಕೂ ಬಾಯಿ ಬರ್ಲಿಲ್ವಾ?"

ಅವನು ತಟ್ಟೆಯನ್ನು ಬದಿಗೆ ಸರಿಸಿದ. ಮಾತು ಕೇಳಿ ಸೌಮ್ಯ ಬಾಗಿಲಲ್ಲಿ ಬಂದು ನಿಂತಿದ್ದಳು. ನಾಗಲಕ್ಷ್ಮಮ್ಮ ಅವಳ ಕಡೆ ತಿರುಗಿದಳು. ವಿಷವೆಂದು ತಿಳಿದೂ ಅಲ್ಲಿ ಮಕ್ಕಳನ್ನು ಕೂರಿಸಿದೆಯಾ ಎಂದು ಮೊದಲು ಅದನ್ನೇ ಕೇಳಿದಳು. ಮಾಗಡಿಯಿಂದ ಬಂದಾಗ ವಾಸನೆ ತಿಳಿದು ಮಾವನನ್ನು ಕೇಳಿದ್ದು, ಚನ್ನಪಟ್ಟಣದ ಕೃಷಿ ಕಚೇರಿಗೆ ಹೋಗಿ ವಿಚಾರಿಸಿದ್ದು, ಗೋಡೆ ತೊಳೆಸಿ ಎರಡು ಸಲ ಸುಣ್ಣ ಬಳಿಸಿ, ಒಂದು ತಿಂಗಳು ಕಿಟಕಿ ಬಾಗಿಲು ತೆರೆದಿಟ್ಟ ಮೇಲೆಯೇ ಮಕ್ಕಳನ್ನು ಸೇರಿಸಿದ್ದು, ಎಲ್ಲವನ್ನೂ ಸೌಮ್ಯ ಹೇಳಿದಳು.

"ಮಕ್ಕಳಿಗೆ ಏನೂ ಆಗಲ್ಲ, ಆದ್ರೆ ತೊಲೆಗೆ ಹೊಡೆದಿರೋದು ಹುಳಕ್ಕೆ ಆಗಲ್ಲ ಅಂತಾನೂ ಹೇಳಿದ್ರು ಅತ್ತೆ. ನಾನು ನಿಮಗೆ ಹೇಳ್ಲಿಲ್ಲ. ಮಾವ ಬೇಡ ಅಂದ್ರು ಅಂತ ಒಂದು. ಇನ್ನೊಂದು..." ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. "ಹಿಂದಿನ ಅರ್ಧ ನನಗೂ ಬೇಕಾಗಿತ್ತು."

ನಾಗಲಕ್ಷ್ಮಮ್ಮ ಸಾರಿನ ಪಾತ್ರೆಯ ಮುಚ್ಚಳ ಮುಚ್ಚಿ, ಕೈ ತೊಳೆದುಕೊಂಡು, ಹಿತ್ತಲಿಗೆ ನಡೆದಳು.

ಹುಳದ ಮನೆಯಲ್ಲಿ ಅದು ಮಕ್ಕಳು ಮಲಗುವ ಹೊತ್ತು. ಗೋಡೆಗುಂಟ ಕಟ್ಟಿಟ್ಟ ಚೀಲಗಳು, ನಡುವೆ ಸಾಲಾಗಿ ಚಾಪೆ, ಚಾಪೆಯ ಮೇಲೆ ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ನಿದ್ದೆ ಹೋದ ಕೂಸುಗಳು. ಅವಳು ಬಾಗಿಲ ಬಳಿ ಕೂತಳು. ತೊಲೆಗಳನ್ನು ದಿಟ್ಟಿಸಿದಳು. ಅಲ್ಲಿ ಈಗ ಕಾಣುವಂಥದು ಏನೂ ಇರಲಿಲ್ಲ. ಸುಣ್ಣದ ನೀರು ಸೋರಿದ ಗೆರೆ, ಅಷ್ಟೇ. ಈ ಮಾಡಿನ ಕೆಳಗೆ ಇನ್ನು ತನ್ನ ಕಾಲದಲ್ಲಿ ಹುಳು ಮೇಯುವುದಿಲ್ಲವೆಂಬುದು ನಿಧಾನವಾಗಿ ಅವಳ ಮನಸ್ಸಿಗೆ ಇಳಿಯಿತು. ಅಟ್ಟಣೆಯ ಕೆಳಗೆ ಚಾಪೆ ಹಾಸಿ ಮಗನನ್ನು ಮಲಗಿಸಿಕೊಂಡು ಸೊಪ್ಪಿನ ಸದ್ದು ಕೇಳುತ್ತಿದ್ದ ತನ್ನ ಹರೆಯ ನೆನಪಾಯಿತು. ಬೀದಿಯ ಹೆಂಗಸರೆಲ್ಲ ಹಣ್ಣು ಹುಳು ಆರಿಸುತ್ತ ನಗುತ್ತಿದ್ದುದು, ಅವರಲ್ಲಿ ಅರ್ಧ ಜನ ಈಗ ಇಲ್ಲದಿರುವುದು ನೆನಪಾಯಿತು. ಅಳು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತಳು. ನಿದ್ದೆ ತಿಳಿದೆದ್ದ ಒಂದು ಮಗು ಅವಳನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು, ಹಾಸಿಗೆ ಬದಲಾಯಿಸಿದಷ್ಟು ಸಹಜವಾಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮತ್ತೆ ಮಲಗಿತು. ಯಾರ ಮಗುವೆಂಬುದೂ ಅವಳಿಗೆ ತಿಳಿಯದು. ಅದು ಏಳುವವರೆಗೂ ಅವಳು ಅಲ್ಲಾಡಲಿಲ್ಲ.

ಸಂಜೆ ಸೌಮ್ಯ ಕಸ ಗುಡಿಸುತ್ತಿದ್ದಾಗ ಅತ್ತೆ ಬಂದು ಚೀಲಗಳನ್ನು ತೋರಿಸಿದಳು. "ಗಂಟು ಬಿಚ್ಚು. ಅನಂತಂಗೆ ಹೇಳು, ನಾಳೆ ಆ ತಟ್ಟಿ ಕೀಳ್ಲಿ. ಹಿಂದಿನ ಅರ್ಧಾನೂ ತಗೊ."

ಸೌಮ್ಯಳ ಕೈಯಲ್ಲಿನ ಪೊರಕೆ ನಿಂತಿತು.

"ಕೋಪ ಹೋಯ್ತು ಅಂತ ತಿಳ್ಕೊಬೇಡ. ಅದು ಅದ್ರ ಪಾಡಿಗೆ ಇರ್ತದೆ," ಎಂದಳು ನಾಗಲಕ್ಷ್ಮಮ್ಮ. "ಆದ್ರೆ ನಿನ್ನ ತವರಿನ ಮೇಲೆ ಆಡಿದ್ದು ತಪ್ಪು."

ಅಂದಿನಿಂದ ಮನೆಯಲ್ಲಿ ಒಲೆ ಒಂದಾಯಿತು. ಅತ್ತೆಸೊಸೆಯರ ಮಾತು ಮೊದಮೊದಲು ಉಪ್ಪು ಹುಳಿಯಷ್ಟಕ್ಕೆ ಇದ್ದದ್ದು ನಿಧಾನವಾಗಿ ಬೀದಿಯ ಸುದ್ದಿಯವರೆಗೆ ಬೆಳೆಯಿತು. ಆದರೆ ಗಂಡನೊಡನೆ ನಾಗಲಕ್ಷ್ಮಮ್ಮ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ಬಡಿಸುವಳು, ಬಿಸಿನೀರು ತೋಡುವಳು, ಪಂಚೆ ಒಗೆದು ಹಾಕುವಳು. ಬಾಯಿ ಮಾತ್ರ ತೆರೆಯಳು. ದೊಡ್ಡಹನುಮಯ್ಯ ಮಾಯಮ್ಮನ ಯಂತ್ರಕ್ಕೆ ಹೊಸ ಪಟ್ಟಿ ಹಾಕಿಸಿ ಕೊಟ್ಟು ಬಂದು, ಆ ಸುದ್ದಿಯನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಮೊಮ್ಮಗಳಿಗೆ ಹೇಳಿದ. ಮಕ್ಕಳ ನಡುವೆಯೂ ಅವನು ಮೊದಲಿನಂತೆ ಕೂರಲಿಲ್ಲ. ಬುಗುರಿ ಬಿಡೆಂದು ಕೈ ಹಿಡಿದೆಳೆದರೆ, ಒಂದು ಸಲ ಬಿಟ್ಟು ಎದ್ದು ಹೋಗುವನು.

ಕಾರ್ತಿಕದ ಕೊನೆಯಲ್ಲಿ ನಾಗಲಕ್ಷ್ಮಮ್ಮ ಗಂಗಹನುಮಯ್ಯನ ಮನೆಗೆ ಹೋಗಿ, ಅವನ ಬೆಳೆಯಲ್ಲಿ ಹೆಚ್ಚಾಗಿದ್ದ ಸಣ್ಣ ಹುಳುಗಳನ್ನು ಒಂದು ಮೊರದಷ್ಟು ಕೇಳಿ ತಂದಳು. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಒಂದೇ ತಟ್ಟೆಯನ್ನು ವಾಸದ ಮನೆಯ ಪಡಸಾಲೆಯಲ್ಲಿ, ಇರುವೆ ಹತ್ತದಂತೆ ನೀರಿನ ಬಟ್ಟಲುಗಳ ನಡುವೆ ಎತ್ತರಕ್ಕೆ ಇಟ್ಟಳು. ಇದಕ್ಕೆ ಯಾವ ಔಷಧಿಯೂ ಬೇಡ, ದೂಳೂ ಇಲ್ಲ. ಮಾರುವುದಕ್ಕಲ್ಲ, ಮಕ್ಕಳು ನೋಡಲಿ ಎಂದು ಸೌಮ್ಯಳಿಗೆ ಹೇಳಿದಳು. ಆ ಮಾತು ಅರ್ಧ ನಿಜವೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಸೌಮ್ಯ ಮಕ್ಕಳನ್ನು ಕೈಕೈ ಹಿಡಿಸಿ ಸಾಲಾಗಿ ಕರೆತಂದಳು. ಬಾಗಿಲಲ್ಲಿ ಅಜ್ಜಿಯ ತಪಾಸಣೆ ನಡೆಯಿತು. ಮುಖಕ್ಕೆ ಪೌಡರ್ ಮೆತ್ತಿಕೊಂಡು ಬಂದವರಿಗೆ ಒದ್ದೆ ಬಟ್ಟೆಯಿಂದ ಒರೆಸಿದಳು. ಸೊಳ್ಳೆಯ ಮುಲಾಮು ಹಚ್ಚಿಸಿಕೊಂಡಿದ್ದ ಜಾರಾಳ ಕೈಗಳನ್ನು ಎರಡು ಸಲ ತೊಳೆಸಿದಳು. ಆಮೇಲೆ ಎಲ್ಲರೂ ತಟ್ಟೆಯ ಸುತ್ತ ಕೂತರು. ಯಾರೂ ಕಲಿಸದೆಯೇ ಮಕ್ಕಳ ದನಿ ತಗ್ಗಿತು.

ತಟ್ಟೆಯ ಸೊಪ್ಪು ಮುಗಿಯುತ್ತ ಬಂದಿತ್ತು. ಕೊಯ್ದು ತರಬೇಕೆಂದು ಅವಳು ಏಳುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ದೊಡ್ಡಹನುಮಯ್ಯ ನಿಂತಿದ್ದ. ಯಾರೂ ಹೇಳದಿದ್ದರೂ ತೋಟಕ್ಕೆ ಹೋಗಿ, ಸಣ್ಣ ಹುಳುವಿಗೆ ಬೇಕಾದಂಥ ಎಳೆಯ ಕುಡಿಗಳನ್ನೇ ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಕೈಕಾಲು ತೊಳೆದುಕೊಂಡಿದ್ದ. ತಲೆಗೆ ಸ್ನಾನವೂ ಆಗಿತ್ತು. ಕೂದಲಿಂದ ನೀರು ಇಳಿಯುತ್ತಿತ್ತು. ಅಂಗಿ ಒಗೆದದ್ದು. ಇಷ್ಟೆಲ್ಲ ಮಾಡಿಕೊಂಡು ಬಂದವನು ತಾನು ಹುಟ್ಟಿ ಬೆಳೆದ ಮನೆಯ ಹೊಸಿಲನ್ನು ದಾಟಲಾರದೆ, ಕಂತೆಯನ್ನು ಎದೆಗವಚಿಕೊಂಡು ಹೊರಗೇ ನಿಂತಿದ್ದ.

ಮಕ್ಕಳು ಅವನ ಕಡೆ ನೋಡಿದವು, ಆಮೇಲೆ ಅಜ್ಜಿಯ ಕಡೆ ನೋಡಿದವು. ಸೌಮ್ಯ ತಲೆ ತಗ್ಗಿಸಿದಳು.

ನಾಗಲಕ್ಷ್ಮಮ್ಮ ತಟ್ಟೆಯ ಪಕ್ಕದಲ್ಲಿದ್ದ ಮಗುವನ್ನು ಸ್ವಲ್ಪ ಸರಿಸಿ, ಅಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.

"ಒಳಕ್ಕೆ ಬನ್ನಿ," ಎಂದಳು. "ಸೊಪ್ಪು ಬಾಡ್ತದೆ."